ಹುಲಗಪ್ಪನನ್ನು ಹಾರಿಸಿದ್ದು

೮ ಜುಲೈ ೧೯೫೧, ಭಾನುವಾರ
ಶಹಾಪುರ

ನನ್ನ ಗಂಡನನ್ನು ಆಕಾಶಕ್ಕೆ ಹಾರಿಸುವುದಾಗಿ ಭಗವಂತರಾಯ ಮಾಸ್ತರರು ಇವತ್ತು ಹೇಳಿ ಹೋದರು. ಸತ್ತು ಮೂರು ವರ್ಷವಾಗುತ್ತ ಬಂದ ಮನುಷ್ಯನನ್ನು.

ಇದೆಲ್ಲ ಶುರುವಾದದ್ದು ಸುಲ್ತಾನಸಾಬರ ಸಿನೆಮಾ ತಂಬುವಿನಿಂದ. ಯಾದಗಿರಿ ಸ್ಟೇಷನ್ನಿಗೆ ಬಂದಿಳಿದ ಹೊಸ ಚಿತ್ರದ ಡಬ್ಬಿಗಳನ್ನು ಬಂಡಿಯಲ್ಲಿ ತರಿಸಿ, ಸಂತೆಯ ಬಯಲಿನಲ್ಲಿ ವಾರದಿಂದ ತೋರಿಸುತ್ತಿದ್ದಾರೆ. ಅತ್ತೆ ಹಟ ಹಿಡಿದರು, ಕರೆದುಕೊಂಡು ಹೋದೆ. ಕಣ್ಣಿಗೆ ಕರಿ ಪಟ್ಟಿ, ಬೆನ್ನ ಮೇಲೆ ಇಳಿಬಿಟ್ಟ ಬಟ್ಟೆ, ಅಂಥ ಒಬ್ಬ ಸವಾರ ಕೋಟೆಯಿಂದ ಕೋಟೆಗೆ ಹಾರುತ್ತಾನೆ. ಗುಂಡು ಹೊಡೆದರೆ ಎದೆಗೆ ಬಡಿದು ಪುಟಾಣಿ ಕಾಳಿನಂತೆ ಉದುರುತ್ತವೆ. ಹಿಂದುಸ್ತಾನಿ ಮಾತು ಅತ್ತೆಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೂ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮನೆಗೆ ಬರುವಾಗ ದಾರಿಯುದ್ದಕ್ಕೂ, ನಮ್ಮ ಹುಲಗಪ್ಪ ಹಂಗ ಇದ್ದ, ಹಂಗ ಇದ್ದ ಅಂತ ಒಂದೇ ಮಾತು.

ಅದೇ ಚಿತ್ರವನ್ನು ಮಾಸ್ತರರೂ ನೋಡಿದ್ದಾರೆ. ಅವರಿಗೆ ನಾಟಕದ ಕಂಪನಿ ಇದೆ, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಾರೆ, ಹಾಡು ಕಟ್ಟುತ್ತಾರೆ. ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಭಾರತಕ್ಕೆ ಸೇರಿದ ದಿನದ ಉತ್ಸವಕ್ಕೆ ಹುಲಗಪ್ಪನ ಕಥೆಯನ್ನೇ ಆಡಿಸುತ್ತಾರಂತೆ. ಕುರುಬನ ಕಂಬಳಿಯೇ ರೆಕ್ಕೆಯಾಗುತ್ತದಂತೆ. ತಂಬುವಿನ ನಡುಗಂಬಕ್ಕೆ ಬಾವಿಯ ಗಡಗಡಿ ಬಿಗಿದು, ಹಗ್ಗದಿಂದ ಮೇಲಕ್ಕೆ ಎಳೆಯುತ್ತಾರಂತೆ.

ಅತ್ತೆ ಅವರಿಗೆ ಚಹಾದ ಜೊತೆ ಬೆಲ್ಲವನ್ನೂ ಕೊಟ್ಟರು. ನಾನು ಒಳಗಿನಿಂದ ಹೊರಗೆ ಬರಲಿಲ್ಲ.

೧೧ ಜುಲೈ

ಮೂರು ದಿನದಿಂದ ನಾನು ಕಲಿಸುವ ಶಾಲೆಯಲ್ಲಿ ಹುಡುಗಿಯರು ಅದೇ ಕೇಳುತ್ತಿದ್ದಾರೆ. ಅಕ್ಕೋರ, ನಿಮ್ಮ ಯಜಮಾನರು ಹಾರತಿದ್ರಂತಲ್ರಿ?

ಹಾರುತ್ತಿರಲಿಲ್ಲ. ಇದನ್ನು ಎಲ್ಲಿಯಾದರೂ ಒಂದು ಕಡೆ ಬರೆದಿಡಬೇಕು, ಇಲ್ಲದಿದ್ದರೆ ನಾನೂ ನಂಬಿಬಿಡುತ್ತೇನೆ.

ನನ್ನವರು ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದರು. ಎಡ ಮೊಣಕಾಲು ಮಳೆಗಾಲದಲ್ಲಿ ಬಾತುಕೊಳ್ಳುತ್ತಿತ್ತು. ಮಾತು ಕಡಿಮೆ. ಕೊಂಕಲ್‌ನ ಗುಡಿಯ ಪೌಳಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ನನ್ನ ಅಪ್ಪ, ಓದಿದ ಮಗಳನ್ನು ಓದದವನಿಗೆ ಕೊಟ್ಟೆನಲ್ಲ ಎಂದು ಮದುವೆಯಾದ ಮೇಲೂ ಕೊರಗಿದ. ಆ ಕೊರಗು ನನಗೆ ಇರಲಿಲ್ಲ.

ನಿಜಾಮನ ಕಡೆಯ ರಜಾಕಾರರ ಹಾವಳಿ ಹೆಚ್ಚಾದ ಬೇಸಿಗೆಯಲ್ಲಿ, ಹೆದರಿ ಊರು ಬಿಟ್ಟವರನ್ನು ನನ್ನವರು ಡೋಣಿ ಹೊಳೆಯಾಚೆಗೆ, ತಾಳಿಕೋಟಿಯ ಕಡೆಗೆ ದಾಟಿಸುತ್ತಿದ್ದರು. ಆಚೆ ಆಗಲೇ ಭಾರತ. ಬಂದವರಿಗೆ ಕಂಬಳಿ ಹೊದಿಸಿ, ಕೈಯಲ್ಲಿ ಕೋಲು ಕೊಟ್ಟು, ಹಿಂಡಿನ ನಡುವೆ ನಡೆಸುತ್ತಿದ್ದರು. ಚೌಕಿಯವರಿಗೆ ಕುರಿಯ ಧೂಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇಷ್ಟೇ ವಿದ್ಯೆ. ಇನ್ನೂ ಒಂದು ಮಾತು. ಪ್ರತಿ ಸಲ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಹೆದರಿಕೆಗೆ. ನಾನು ನೀರು ಹಾಕುತ್ತಿದ್ದೆ, ಬಾಯಿ ತೊಳೆದುಕೊಂಡು ಹೋಗುತ್ತಿದ್ದರು.

ಪುಟಾಣಿಯಂತೆ ಗುಂಡು ಉದುರಿಸುವವನಿಗೆ ವಾಂತಿ ಯಾಕೆ ಬರುತ್ತದೆ?

ಕೊನೆಯದನ್ನು ಇವತ್ತು ಬರೆಯಲಾರೆ.

೧೯ ಜುಲೈ

ಮಾಸ್ತರರ ಮನೆಯಲ್ಲಿ ನಾಟಕ ಓದಿದರು. ನನ್ನನ್ನೂ ಕರೆದಿದ್ದರು, ಗೌರವಕ್ಕೆ. ಉತ್ಸವದ ಮುಖಂಡ ದೇವಿಂದ್ರಪ್ಪ ಗೋಡೆಗೆ ಒರಗಿ ಕೂತಿದ್ದರು. ನನ್ನ ಗಂಡನ ಊರಿನವರೇ. ನಮ್ಮ ಹಾಗೆ ಹಳ್ಳಿ ಬಿಟ್ಟು ಈಗ ಶಹಾಪುರದಲ್ಲಿ ಮನೆ, ತಲೆಗೆ ಬಿಳಿ ಟೋಪಿ, ನಮ್ಮ ಶಾಲೆಯ ಕಮಿಟಿಯಲ್ಲಿ ಕುರ್ಚಿ. ಬರುವ ಚುನಾವಣೆಗೆ ನಿಲ್ಲುತ್ತಾರೆ ಎಂದು ಜನ ಹೇಳುತ್ತಾರೆ.

ಕೊನೆಯ ಅಂಕದಲ್ಲಿ ರಜಾಕಾರರು ಸುತ್ತುಗಟ್ಟುತ್ತಾರೆ. ಗುಂಡು ತಾಗುವುದಿಲ್ಲ. ವೀರ ಕಂಬಳಿ ಬಿಚ್ಚಿ ಸುರಪುರದ ಗುಡ್ಡದ ಮೇಲಿನಿಂದ ಆಕಾಶಕ್ಕೆ ಏರುತ್ತಾನೆ, ಮಂಗಳ ಹಾಡುತ್ತಾರೆ.

ಹಾಗಾದರೆ ಸತ್ತದ್ದು ಯಾವಾಗ ಎಂದು ಕೇಳಿದೆ. ಸಾಯುವುದಿಲ್ಲ, ಅದೇ ನಾಟಕದ ಸೊಗಸು ಎಂದರು ಮಾಸ್ತರರು. ಒಳ್ಳೆಯ ಮನುಷ್ಯ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ಆಗ ನಾನು ಎಲ್ಲರೆದುರು ಹೇಳಿದೆ. ಪೊಲೀಸ್ ಆಕ್ಷನ್ ಮುಗಿದು, ನಿಜಾಮ ಸೋತು, ರಜಾಕಾರರು ಓಡಿಹೋದ ಮೇಲೆ ನನ್ನವರು ಸತ್ತರು. ಅವತ್ತು ಊರ ಮಂದಿ ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದರು. ಯಾರಿಗೂ ಏನೂ ಮಾಡದ ದರ್ಜಿ ಜಲಾಲುದ್ದೀನನ ಸಂಸಾರ ನಮ್ಮ ಕುರಿದೊಡ್ಡಿಯಲ್ಲಿ ಅಡಗಿತ್ತು. ನನ್ನವರು ದೊಡ್ಡಿಯ ಬಾಗಿಲಿಗೆ ನಿಂತರು. ಕಲ್ಲು ಬಿದ್ದವು. ಬಿದ್ದ ಮೇಲೂ ಬಾಗಿಲು ಬಿಡಲಿಲ್ಲ. ಅವರನ್ನು ದಾಟಿ ಒಳಗೆ ಹೋಗಲು ಆ ಮಂದಿಗೆ ಕಾಲು ಬರಲಿಲ್ಲ.

ದೇವಿಂದ್ರಪ್ಪ ಟೋಪಿ ಸರಿಮಾಡಿಕೊಂಡರು. "ಅಕ್ಕೋರ, ಹುಲಗಪ್ಪ ಈಗ ನಿಮ್ಮೊಬ್ಬರ ಗಂಡ ಅಲ್ಲ. ನಾಡಿಗೆ ಸೇರಿದಾಂವ. ಮಂದಿ ಏನು ಕೇಳಿ ಬೆಳದಾರ, ಅದನ್ನ ಆಡಸೋದು."

"ಆ ಮಂದ್ಯಾಗ ನೀವೂ ಇದ್ರಿ. ನಾ ನಿಮ್ಮನ್ನ ನೋಡೀನಿ," ಎಂದೆ.

ಎದ್ದು ಮನೆಗೆ ಬಂದೆ.

೩೦ ಜುಲೈ

ಮಳೆ. ಶಾಲೆ. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ.

೩ ಆಗಸ್ಟ್

ಈಗ ಇಲ್ಲೇ ಪೇಟೆಯಲ್ಲಿ ಹೊಲಿಯುವ ಜಲಾಲುದ್ದೀನನ ಅಂಗಡಿಯ ಮುಂದೆ ಹಾಯುವಾಗ ಕಾಲು ನಿಂತುಬಿಟ್ಟವು. ಮಷೀನಿನ ಮೇಲೆ ಕೆಂಪು ರೇಷ್ಮೆ, ಅಂಚಿಗೆ ಜರಿ. ವೀರನ ಬೆನ್ನಿಗೆ. ಕರಿ ಕಂಬಳಿ ಗ್ಯಾಸ್ ಬತ್ತಿಗೆ ಎದ್ದು ಕಾಣುವುದಿಲ್ಲವೆಂದು ಕಂಬಳಿಯನ್ನೂ ತೆಗೆದುಬಿಟ್ಟಿದ್ದಾರೆ.

ಯಾರನ್ನು ಉಳಿಸಲು ನನ್ನವರು ಸತ್ತರೋ ಆ ಮನುಷ್ಯನೇ ಈ ಸುಳ್ಳನ್ನು ಹೊಲಿಯುತ್ತಿದ್ದಾನೆ. ಬಾಯಿಗೆ ಬಂದಂತೆ ಅಂದೆ. ಅವನು ಮಷೀನು ನಿಲ್ಲಿಸಿ, ಎದ್ದು ನಿಂತು ಕೇಳಿಸಿಕೊಂಡ. ಹಿಂದೆ ಪರದೆಯ ಮರೆಯಲ್ಲಿ ಅವನ ಹೆಂಡತಿ ಆಮೀನಾ ಮಗುವನ್ನು ಸುಮ್ಮನಾಗಿಸುತ್ತಿದ್ದಳು. ನನ್ನ ಮಾತೆಲ್ಲ ಮುಗಿದ ಮೇಲೆ ಅವನು ಹೇಳಿದ್ದು ಇಷ್ಟು.

"ನಿಮಗ ಖರೇ ಹೇಳೋ ಹಕ್ಕದರಿ ಅಕ್ಕೋರ. ಆದ್ರ ಖರೇ ಹೇಳಿದ ಮರುದಿನ ಈ ಅಂಗಡಿ ಬಾಗಿಲಾ ತೆಗಿಯಾಂವ ನಾನು. ಅಣ್ಣ ಹಾರಿಹೋದ ಅಂದ್ರ ನಮ್ಮನ್ನ ಯಾರೂ ನೆನಸಂಗಿಲ್ಲ. ನಮಗ ಅದ ಬೇಕಾಗ್ಯದ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ನನ್ನವರ ಸಾವು ನನ್ನ ಒಬ್ಬಳದೇ ಎಂಬಂತೆ ಹಿಡಿದುಕೊಂಡಿದ್ದೇನೆ. ದೇವಿಂದ್ರಪ್ಪ ನಾಡಿಗೆ ಸೇರಿದ್ದೆಂದರು, ನಾನು ನನಗೆ ಸೇರಿದ್ದೆಂದೆ. ಇವನನ್ನು ಯಾರೂ ಕೇಳಲಿಲ್ಲ.

ಅವನ ಹೆಸರು ಎತ್ತುವುದಿಲ್ಲ ಎಂದು ಹೇಳಿ ಬಂದೆ. ಆದರೆ ಸುಮ್ಮನಿರುತ್ತೇನೆ ಎಂದು ಹೇಳಲಿಲ್ಲ.

೧೨ ಆಗಸ್ಟ್

ಅತ್ತೆಯ ಜೊತೆ ಜಗಳವಾಯಿತು. ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ತಾಲೀಮು ನೋಡಲು ಹೋಗಿದ್ದರಂತೆ. ವೀರನ ಪಾತ್ರ ಸುರಪುರದ ಪೈಲ್ವಾನ ಪಂಪಣ್ಣನದು. ಗಡಗಡಿಯ ಹಗ್ಗ ತಿರುಚಿ ಅವನು ತಲೆಕೆಳಗಾಗಿ ನೇತಾಡಿದನಂತೆ. ಕೆಳಗಿದ್ದವರು ಎಳೆಯುವುದೋ ಬಿಡುವುದೋ ತಿಳಿಯದೆ ನಿಂತರಂತೆ. ಎಲ್ಲರೂ ನಕ್ಕರೂ ಅತ್ತೆ ನಗಲಿಲ್ಲ. ಆಮೇಲೆ ಸರಿಯಾಗಿ ಏರಿದಾಗ ನೆಲ ಮುಟ್ಟಿ ನಮಸ್ಕಾರ ಮಾಡಿದರಂತೆ. ಮನೆಗೆ ಬಂದು ರೊಟ್ಟಿ ಬಡಿಯುತ್ತ ಇದನ್ನೆಲ್ಲ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಮಗ ಕಲ್ಲೇಟು ತಿಂದು ಸತ್ತ, ಅದನ್ನು ಮರೆತು ಬಣ್ಣದ ಬಟ್ಟೆಗೆ ಕೈ ಮುಗಿಯುತ್ತೀರಾ ಎಂದೆ.

ಅತ್ತೆ ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ನಾ ಮರತೀನಿ ಅಂತಿಯೇನ? ಅವನ ಹೆಣಾ ತೊಳದಾಕಿ ನಾನು. ಎಲ್ಲೆಲ್ಲಿ ಏಟ ಬಿದ್ದಾವ ಈ ಬೆರಳಿಗಿ ಗೊತ್ತದ. ಕಣ್ಣ ಮುಚ್ಚಿದ್ರ ದಿನಾ ಅದ ಕಾಣತದ. ಒಂದ ಸಲಾನರೆ ಬ್ಯಾರೆ ಕಾಣಲಿ ಬಿಡು. ನಿನಗ ಖರೇ ಬೇಕು ರೇಣವ್ವ. ನನಗ ಮಗ ಬೇಕು."

ರೊಟ್ಟಿ ಹೆಂಚಿನ ಮೇಲೆ ಸುಟ್ಟುಹೋಯಿತು. ಇಬ್ಬರೂ ಅದನ್ನೇ ತಿಂದೆವು.

೧೩ ಆಗಸ್ಟ್

ಇವತ್ತು ರೊಟ್ಟಿ ನಾನು ಬಡಿದೆ.

೧೯ ಆಗಸ್ಟ್, ಭಾನುವಾರ

ಮೋಟಾರು ಹತ್ತಿ ಸುರಪುರಕ್ಕೆ ಹೋಗಿಬಂದೆ. ಪಂಪಣ್ಣ ಗರಡಿಯ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ಗೂಳಿಯಂಥ ಮೈ. ನನ್ನನ್ನು ಕಂಡು ಎದ್ದು ಹೆಗಲಿಗೆ ಟವೆಲು ಹಾಕಿಕೊಂಡ.

ಪಾತ್ರ ಬಿಡು ಎಂದು ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವನು ಕೇಳತೊಡಗಿದ. ಅಣ್ಣ ಹೇಗೆ ನಡೆಯುತ್ತಿದ್ದರು, ಕೋಲು ಯಾವ ಕೈಯಲ್ಲಿ ಹಿಡಿಯುತ್ತಿದ್ದರು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು. ಮೂರು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳುವುದು ಹೇಗೆ ಸತ್ತರು ಎಂದೇ. ನಾನು ಎದ್ದು ನಿಂತು, ಎಡಗಾಲು ಸ್ವಲ್ಪ ಎಳೆದು ನಡೆದು ತೋರಿಸಿದೆ. ಗರಡಿಯ ಮುಂದೆ, ಅಷ್ಟು ಗಂಡಸರ ಎದುರು.

ಕೊನೆಗೆ ಧ್ವನಿ ಇಳಿಸಿ ಕೇಳಿದ. "ಅವ್ರಿಗಿ ಅಂಜಿಕಿ ಬರತಿತ್ತೇನ್ರಿ?"

"ಪ್ರತಿ ಸಲ. ವಾಂತಿ ಮಾಡ್ಕೊಂಡ ಹೋಗತಿದ್ರು."

ಪಂಪಣ್ಣನ ಮುಖ ಅರಳಿತು. ಹಗ್ಗದ ಮೇಲೆ ಏರಿದಾಗಲೆಲ್ಲ ಅವನಿಗೂ ಹೊಟ್ಟೆ ತೊಳಸುತ್ತದಂತೆ. ಇಂಥ ಹೆದರುಪುಕ್ಕಲ ಆ ವೀರನ ಪಾತ್ರ ಮಾಡುವುದು ಪಾಪವೆಂದು ಕೊರಗುತ್ತಿದ್ದನಂತೆ. ಇನ್ನು ಮಾಡುತ್ತೇನೆ ಎಂದ. ನಾನು ನಕ್ಕೆ.

ಪಾತ್ರ ಬಿಡು ಎಂದು ಹೇಳುವುದು ಮರೆತೇಹೋಯಿತು.

೨೭ ಆಗಸ್ಟ್

ಸಂಜೆ ದೇವಿಂದ್ರಪ್ಪ ತಾವೇ ಮನೆಗೆ ಬಂದರು. ಅಂಗಳದಲ್ಲಿ ನಿಂತೇ ಮಾತಾಡಿದರು, ನಾನೂ ಕೂಡ್ರಿ ಎನ್ನಲಿಲ್ಲ. ಹಳೆಯದನ್ನು ಕೆದಕಿದರೆ ಊರಿಗೆ ಒಳ್ಳೆಯದಲ್ಲ, ಹೊಸ ರಾಜ್ಯ ಈಗಷ್ಟೇ ಕಣ್ಣು ಬಿಡುತ್ತಿದೆ, ಹುತಾತ್ಮನ ಹೆಂಡತಿ ಎಂದೇ ನಿನಗೆ ಕೆಲಸ ಸಿಕ್ಕದ್ದು ಎಂದರು. ಗುರಮಿಟಕಲ್‌ಗೆ ವರ್ಗ ಮಾಡಿಸುವುದು ತಮಗೆ ದೊಡ್ಡ ಮಾತಲ್ಲ ಎಂದೂ ಹೇಳಿದರು.

"ಗುರಮಿಟಕಲ್‌ದಾಗೂ ನನಗ ಬಾಯಿ ಇರತದ," ಎಂದೆ.

ಅವರು ಹೋದ ಮೇಲೆ ಮಾಸ್ತರರ ಮನೆಗೆ ಹೋದೆ. ಮಾಸ್ತರರೂ ಸಣ್ಣಗಾಗಿದ್ದಾರೆ, ನನ್ನ ಮಾತು ಅವರನ್ನು ನಿದ್ದೆ ಮಾಡಗೊಟ್ಟಿಲ್ಲವಂತೆ. ಆದರೂ ಹಾರುವುದನ್ನು ಬಿಡಲಾರೆ ಎಂದರು. ಬಿದ್ದು ಸಾಯುವುದನ್ನು ಜನ ಮನೆಯಲ್ಲೇ ನೋಡುತ್ತಾರೆ, ಅದಕ್ಕೆ ತಂಬುವಿಗೆ ಯಾರು ಬರುತ್ತಾರೆ ಎಂದು ಸುಲ್ತಾನಸಾಬರು ಕೇಳಿದರಂತೆ. ಅದೂ ಸುಳ್ಳಲ್ಲ.

ಹಾರಲಿ ಎಂದೆ. ಹೇಗೆ ಬಂತೋ ಆ ಮಾತು. ಗುಂಡೂ ತಾಗದಿರಲಿ, ಕೆಂಪು ರೇಷ್ಮೆಯೂ ಇರಲಿ, ನಮ್ಮತ್ತೆ ಕಣ್ಣು ತುಂಬ ನೋಡಲಿ. ಆದರೆ ಕೊನೆಯ ಅಂಕ ನಾನು ಬರೆಯುತ್ತೇನೆ. ರಜಾಕಾರರು ಓಡಿದ ಮೇಲೆ ಅವನು ಕೆಳಗೆ ಇಳಿಯಬೇಕು, ದೊಡ್ಡಿಯ ಬಾಗಿಲಿಗೆ ಬರಬೇಕು. ದರ್ಜಿಯ ಹೆಸರು ಬೇಡ, ಒಳಗಿರುವವರು ಯಾರೋ ಒಂದು ಸಂಸಾರ.

ಮಾಸ್ತರರು ಪೆಟ್ಟಿಗೆಯ ಬಿಳಿ ಕರಿ ಮನೆಗಳ ಮೇಲೆ ಬೆರಳಾಡಿಸಿದರು. ಕಲ್ಲು ಹೊಡೆಯುವ ಮಂದಿಯ ಪಾತ್ರಕ್ಕೆ ಒಬ್ಬನೂ ಒಪ್ಪುವುದಿಲ್ಲ ಎಂದರು.

ಆ ಪಾತ್ರವೇ ಬೇಡ ಎಂದೆ. ಪಂಪಣ್ಣ ಪ್ರೇಕ್ಷಕರ ಕಡೆ ಮುಖ ಮಾಡಿ ನಿಲ್ಲಲಿ.

೮ ಸೆಪ್ಟೆಂಬರ್

ವರ್ಗದ ಆರ್ಡರು ಬಂತು. ತಿಂಗಳ ಕೊನೆಗೆ ಗುರಮಿಟಕಲ್ ಶಾಲೆಯಲ್ಲಿ ಹಾಜರಾಗಬೇಕು. ಆಯಿತು.

ಮಧ್ಯಾಹ್ನ ಜಲಾಲುದ್ದೀನ ಬಂದ. ಹೊಸ ಅಂಕದ ಸುದ್ದಿಯನ್ನು ಮಾಸ್ತರರು ದೇವಿಂದ್ರಪ್ಪನಿಂದ ಮುಚ್ಚಿಟ್ಟಿದ್ದರೂ, ಕಂಪನಿಗೆ ಬಟ್ಟೆ ಹೊಲಿಯುವ ಇವನ ಕಿವಿಗೆ ಬಿದ್ದಿತ್ತು. ಬೈಯುತ್ತಾನೆ ಎಂದುಕೊಂಡೆ. ಅವನು ಹೊಸ್ತಿಲಲ್ಲಿ ಕೂತು, ಬಾಗಿಲ ಹಿಂದಿನ ಸಂಸಾರದ ಪಾತ್ರ ಯಾರು ಮಾಡುತ್ತಾರೆ ಎಂದು ಕೇಳಿದ. ಇನ್ನೂ ಯಾರೂ ಸಿಕ್ಕಿಲ್ಲ ಎಂದೆ.

"ಹಂಗಾದ್ರ ನಾವ ನಿಂದ್ರತೀವ್ರಿ. ನಾನು, ಆಮೀನಾ, ಕೂಸು."

ಬೇಡ, ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ ಎಂದೆ. ನನ್ನ ಹಟಕ್ಕೆ ನಿನ್ನ ಅಂಗಡಿ ಹೋಗುವುದು ಬೇಡ ಎಂದೂ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಇದು ಆಮೀನಾಳ ಮಾತಂತೆ. ಕೂಸು ದೊಡ್ಡದಾಗಿ, ನಾವು ಹೇಗೆ ಬದುಕಿದೆವು ಅಬ್ಬಾ ಎಂದು ಕೇಳಿದರೆ, ಒಬ್ಬ ಗಾಳಿಯಲ್ಲಿ ಹಾರಿ ಬಂದು ಉಳಿಸಿದ ಎಂದು ಹೇಳಲೇ ಎಂದು ಗಂಡನನ್ನು ಕೇಳಿದಳಂತೆ.

ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಜಲಾಲುದ್ದೀನ ಹೊರಟಾಗ ಕೂಸಿಗೆಂದು ಒಂದು ತಂಬಿಗೆ ಕುರಿಹಾಲು ಕೊಟ್ಟು ಕಳಿಸಿದರು.

೧೮ ಸೆಪ್ಟೆಂಬರ್

ನಿನ್ನೆ ನಾಟಕವಾಯಿತು.

ಮಳೆಯ ಭಯಕ್ಕೆ ಹೊತ್ತಿರುವಾಗಲೇ ಶುರು ಮಾಡಿದರು. ಸೆಕೆಯೆಂದು ತಂಬುವಿನ ಸುತ್ತಿನ ಬಟ್ಟೆ ಎತ್ತಿ ಕಟ್ಟಿದ್ದರು, ಒಳಗೆಲ್ಲ ಇಳಿಬಿಸಿಲು. ರಂಗದ ಮೇಲಿದ್ದವರ ಮುಖ ನಮಗೆ ಎಷ್ಟು ಕಾಣುತ್ತಿತ್ತೋ ನಮ್ಮ ಮುಖ ಅವರಿಗೂ ಅಷ್ಟೇ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ದೇವಿಂದ್ರಪ್ಪ ಮತ್ತು ಯಾದಗಿರಿಯಿಂದ ಬಂದ ಸರಕಾರಿ ಸಾಹೇಬರು. ಎಡಕ್ಕೆ ನಮ್ಮ ಹಳ್ಳಿಯವರು, ಬಂಡಿ ಕಟ್ಟಿಕೊಂಡು ಬಂದಿದ್ದರು.

ಪಂಪಣ್ಣ ಹಾರಿದ. ಕೆಂಪು ರೇಷ್ಮೆ ಬಿಸಿಲಿನಲ್ಲಿ ಬೆಂಕಿಯಂತೆ ಬಿಚ್ಚಿಕೊಂಡಿತು. ಜನ ಕೂಗಿದರು, ಶಿಳ್ಳೆ ಹಾಕಿದರು. ಅತ್ತೆ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಆ ಮುಖವನ್ನು ನಾನು ಮದುವೆಯಾಗಿ ಬಂದ ವರ್ಷ ನೋಡಿದ್ದೆ, ಆಮೇಲೆ ನಿನ್ನೆಯೇ. ನನಗೂ ಒಂದು ಗಳಿಗೆ ಹೋಗಲಿ, ಹಾರಿಹೋಗಲಿ, ಸಿಗದೇ ಹೋಗಲಿ ಎನಿಸಿತು.

ಆಮೇಲೆ ಹಗ್ಗ ಇಳಿಯಿತು. ಪಂಪಣ್ಣ ರೇಷ್ಮೆ ಬಿಚ್ಚಿಟ್ಟು ಕಂಬಳಿ ಹೊದ್ದ. ಎಡಗಾಲು ಎಳೆದುಕೊಂಡು ಬಾಗಿಲಿನ ತನಕ ನಡೆದ. ಆ ನಡಿಗೆ ಕಂಡು ನಮ್ಮ ಹಳ್ಳಿಯವರಲ್ಲಿ ಯಾರೋ ಅಯ್ಯೋ ಎಂದರು. ಬಾಗಿಲ ಹಿಂದೆ ಜಲಾಲುದ್ದೀನ, ಆಮೀನಾ, ಅವಳ ಕಂಕುಳಲ್ಲಿ ಕೂಸು. ಬಣ್ಣವಿಲ್ಲ, ವೇಷವಿಲ್ಲ. ಪಂಪಣ್ಣ ನಮ್ಮ ಕಡೆ ತಿರುಗಿ ನಿಂತ.

"ಇವರ್ನ ಕೊಡಂಗಿಲ್ಲ. ನಾ ಯಾರಂತ ನಿಮಗ ಗೊತ್ತದ. ನೀವು ಯಾರಂತ ನನಗ ಗೊತ್ತದ."

ನಾನು ಬರೆದದ್ದು ಅಷ್ಟೇ ಮಾತು. ಹೇಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವನ ಕಾಲು ನಡುಗುತ್ತಿದ್ದವು. ಅದು ನಟನೆಯಲ್ಲವೆಂದು ನನಗೆ ಗೊತ್ತಿತ್ತು.

ದೇವಿಂದ್ರಪ್ಪ ಎದ್ದರು. ಪರದೆ ಬಿಡ್ರಿ ಎಂದು ಕೈ ಬೀಸಿದರು. ಪರದೆಯ ಹಗ್ಗ ಸುಲ್ತಾನಸಾಬರ ಕೈಯಲ್ಲಿತ್ತು. ಅವರು ಹಗ್ಗ ಬಿಡಲಿಲ್ಲ, ಬೇರೆ ಕಡೆ ನೋಡುತ್ತ ನಿಂತರು. ಇದು ಸುಳ್ಳು, ಹುಲಗಪ್ಪನನ್ನು ರಜಾಕಾರರು ಕೊಂದರು ಎಂದು ದೇವಿಂದ್ರಪ್ಪ ಜನರ ಕಡೆ ತಿರುಗಿ ಹೇಳತೊಡಗಿದರು.

ನಾನು ಯಾವಾಗ ರಂಗ ಹತ್ತಿದೆನೋ ಗೊತ್ತಿಲ್ಲ.

"ಹುಲಗಪ್ಪ ನನ್ನ ಗಂಡ," ಎಂದೆ. "ಅವನ್ನ ರಜಾಕಾರರು ಕೊಂದಿಲ್ಲ. ನಮ್ಮೂರ ಕಲ್ಲ ಕೊಂದಾವ. ಒಗದವ್ರ ಹೆಸರು ನಾ ಹೇಳಂಗಿಲ್ಲ. ಅವ್ರಿಗಿ ಗೊತ್ತದ."

ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ನನ್ನನ್ನು ಕೆಳಗೆ ಎಳೆದೊಯ್ಯಲು ಬಂದರೆಂದು ತಿಳಿದೆ. ಅವರು ನನ್ನನ್ನೂ ದಾಟಿ, ಪಂಪಣ್ಣನನ್ನೂ ದಾಟಿ ಹೋದರು. ಆಮೀನಾಳ ಕೈಯಿಂದ ಕೂಸನ್ನು ತೆಗೆದುಕೊಂಡು ಸೊಂಟದ ಮೇಲೆ ಕೂರಿಸಿಕೊಂಡು, ಬಾಗಿಲ ಹಿಂದೆ ಅವರ ಜೊತೆ ನಿಂತರು.

ದೇವಿಂದ್ರಪ್ಪ ಹೊರಗೆ ನಡೆದರು, ಎದ್ದು ಹೋಗುವವರು ಅವರ ಹಿಂದೆ ಹೋದರು. ಯಾದಗಿರಿಯ ಸಾಹೇಬರೂ ಹೋದರು. ನಮ್ಮ ಹಳ್ಳಿಯ ಸಾಲಿನಿಂದ ಒಬ್ಬರೂ ಏಳಲಿಲ್ಲ. ಏಳಲು ಆಗಲಿಲ್ಲವೋ, ಏಳಬಾರದೆನಿಸಿತೋ. ಅವರಲ್ಲಿ ಒಬ್ಬ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮಾಸ್ತರರು ಮಂಗಳ ಹಾಡದೆ ಪೆಟ್ಟಿಗೆ ಮುಚ್ಚಿದರು. ಹೊತ್ತು ಮುಳುಗುವ ತನಕ ನಾವು ಹಾಗೇ ನಿಂತಿದ್ದೆವು, ಅವರು ಹಾಗೇ ಕೂತಿದ್ದರು.

ಇವತ್ತು ಬೆಳಿಗ್ಗೆ ಜಲಾಲುದ್ದೀನನ ಅಂಗಡಿಯ ಮುಂದೆ ಹಾದುಹೋದೆ. ಬಾಗಿಲು ತೆಗೆದಿತ್ತು. ಅಷ್ಟು ಸಾಕು. ನಾಳೆಯದು ನಾಳೆ.

೩೦ ಸೆಪ್ಟೆಂಬರ್
ಗುರಮಿಟಕಲ್

ಬಂದು ನಾಲ್ಕು ದಿನವಾಯಿತು. ಒಂದೇ ಕೋಣೆಯ ಮನೆ, ಮುಂದೆ ಸಣ್ಣ ಕಟ್ಟೆ. ಇಲ್ಲಿನ ಮಕ್ಕಳ ಬಾಯಲ್ಲಿ ಅರ್ಧ ತೆಲುಗು. ನನ್ನ ಕನ್ನಡ ಕೇಳಿ ನಗುತ್ತಾರೆ, ನಾನೂ ಅವರದಕ್ಕೆ ನಗುತ್ತೇನೆ. ಶಹಾಪುರದಲ್ಲೇ ಇರಿ, ನಿಮ್ಮ ಕುರಿ, ನಿಮ್ಮ ಮಂದಿ ಅಲ್ಲೇ ಇದ್ದಾರೆ ಎಂದು ಅತ್ತೆಗೆ ಹೇಳಿದ್ದೆ. ಕುರಿಗಳನ್ನು ಪಂಪಣ್ಣನ ಅಣ್ಣನಿಗೆ ಒಪ್ಪಿಸಿ ಗಂಟು ಕಟ್ಟಿಕೊಂಡು ನನಗಿಂತ ಮೊದಲೇ ಮೋಟಾರು ಹತ್ತಿ ಕೂತಿದ್ದರು.

ಸಂಜೆ ಕಟ್ಟೆಯ ಮೇಲೆ ಹುಡುಗಿಯರು ಅವರನ್ನು ಸುತ್ತುಗಟ್ಟಿ ಕಥೆ ಕೇಳುತ್ತಿದ್ದರು. ಒಳಗೆ ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತ ನಾನೂ ಕೇಳಿದೆ. ನನ್ನ ಮಗ ಹುಲಗಪ್ಪಗ ಹಾರಾಕ ಬರತಿತ್ತು ಎಂದು ಶುರು ಮಾಡಿದರು. ಗುಂಡು ಉದುರಿದವು, ಸುರಪುರದ ಗುಡ್ಡದ ಮೇಲಿನ ಮೋಡದ ತನಕ ಏರಿದ, ಯಾರ ಕೈಗೂ ಸಿಗುತ್ತಿರಲಿಲ್ಲ ಎಂದರು. ಆಮೇಲೆ ಕೆಳಗೆ ಇಳಿದ, ಕುರಿದೊಡ್ಡಿಯ ಬಾಗಿಲಿಗೆ ನಿಂತ, ಕಲ್ಲೇಟು ತಿಂದು ಸತ್ತ ಎಂದರು. ಯಾವುದನ್ನೂ ಬಿಡಲಿಲ್ಲ.

ಒಬ್ಬ ಹುಡುಗಿಗೆ ಸಿಟ್ಟೇ ಬಂತು. ಹಾರಲು ಬರುತ್ತಿದ್ದರೆ ಅವರು ಯಾಕೆ ಇಳಿಯಬೇಕಿತ್ತು ಎಂದು ಕೇಳಿದಳು.

"ಕೆಳಗ ಮಂದಿ ಇದ್ರಲ್ಲ," ಎಂದರು ಅತ್ತೆ.

ಹುಡುಗಿಗೆ ಸಮಾಧಾನವಾಗಲಿಲ್ಲ. ಎದ್ದು ಬಂದು ಬಾಗಿಲಲ್ಲಿ ನಿಂತಳು. ಅಕ್ಕೋರ, ಅಜ್ಜಿ ಹೇಳಿದ್ದು ಖರೇ ಏನ್ರಿ?

ಖರೇ ಎಂದೆ.